ದೈತ್ಯೆಗೆ ಎಷ್ಟು ನೀರು

ದಾಳ ಮುಟ್ಟುವ ಮೊದಲು ಅವರು ಕೈ ತೊಳೆದುಕೊಳ್ಳುತ್ತಿದ್ದರು. ಬರೀ ಬೆರಳಲ್ಲ, ತೋಳು ಮಡಚಿ, ಮೊಣಕೈಯವರೆಗೆ ಸಾಬೂನು ಹಚ್ಚಿ, ಉಗುರಿನ ಸಂದಿಯನ್ನೂ ಬಿಡದೆ. ನೌಕರಿಯುದ್ದಕ್ಕೂ ಎಮ್ಮೆ ಆಕಳುಗಳ ಹೆರಿಗೆ ಮಾಡಿಸಿದ ಕೈ ಅದು. ಆ ದಿನ ಯಾವ ಪ್ರಾಣಿಯನ್ನೂ ಮುಟ್ಟಿರದಿದ್ದರೂ ತೊಳೆಯುವುದು ತಪ್ಪುತ್ತಿರಲಿಲ್ಲ. ಆಮೇಲೆ ಒದ್ದೆ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡು ಬಂದು ಕೂತು, “ಹೂಂ, ಎಲ್ಲಿಗಿ ಬಂದಿದ್ವಿ?” ಎನ್ನುತ್ತಿದ್ದರು. ಅಷ್ಟು ಕೇಳಿದರೆ ಸಾಕು, ಕೆಳಗಿನ ಬೀದಿಯ ಗದ್ದಲ ನಮ್ಮ ಕಿವಿಗೆ ಬೀಳುವುದು ನಿಲ್ಲುತ್ತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಟದ ಸಂಗತಿಯನ್ನು ಅವರು ತಮ್ಮ ಮನೆಯವರಿಗೆ ಕೊನೆಯವರೆಗೂ ಹೇಳಿರಲಿಲ್ಲ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಮೀಟಿಂಗ್ ಇದೆ ಎಂದು ಹೇಳಿ ಬರುತ್ತಿದ್ದರು. ಟಿಕೋಟಾದ ಪಶು ಆಸ್ಪತ್ರೆಯ ಡಾಕ್ಟರು, ಐವತ್ತು ದಾಟಿದವರು, ಮಗಳ ಮದುವೆ ಮಾಡಿ ಮುಗಿಸಿದವರು, ಜೋರಾಪುರ ಪೇಟೆಯ ಔಷಧದ ಅಂಗಡಿಯೊಂದರ ಮಾಳಿಗೆಯಲ್ಲಿ ಕೂತು ದೈತ್ಯರ, ಮಾಟಗಾರರ ಆಟ ಆಡುತ್ತಾರೆಂದರೆ ಜನ ಏನಂದಾರು? ಅದರ ಮೇಲೆ ದಾಳ ಬೇರೆ. ಬಾಗಿಲು ಹಾಕಿಕೊಂಡು ದಾಳ ಉರುಳಿಸುವವರನ್ನು ನಮ್ಮ ಊರಲ್ಲಿ ಜೂಜಿನವರೆಂದೇ ತಿಳಿಯುತ್ತಾರೆ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ಅವರು ಜೇಬಿನಿಂದ ಕರವಸ್ತ್ರ ತೆಗೆದು ದಾಳಗಳ ಮೇಲೆ ಹೊದಿಸುತ್ತಿದ್ದರು. ನಾವು ನಗುತ್ತಿದ್ದೆವು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. ಗೋಡೆ ಹಾರುತ್ತೇನೆ ಎಂದು ನೀವು ಹೇಳಬಹುದು. ಹಾರಿದಿರೋ ಬಿದ್ದಿರೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಮನುಷ್ಯರೇ ಆಗಬೇಕೆಂದೇನೂ ಇಲ್ಲ. ಮೊಣಕಾಲೆತ್ತರದ ಕುಳ್ಳರಾಗಬಹುದು, ಕೋಡು ಬಾಲ ಇರುವವರಾಗಬಹುದು, ದೈತ್ಯರೂ ಆಗಬಹುದು.

ಈ ಆಟವನ್ನು ಬೆಳಗಾವಿಯ ಕಾಲೇಜಿನಿಂದ ಕಲಿತು ತಂದವನು ಅಂಗಡಿಯ ಮಾಲೀಕ ಮೈನುದ್ದೀನ. ಅವನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬಿಲ್ಲುಗಳು ಹಾರಿಹೋಗದಂತೆ ಒಂದು ಪ್ಲಾಸ್ಟಿಕ್ ದೈತ್ಯನ ಗೊಂಬೆ ಇರುತ್ತಿತ್ತು. ಬಿಪಿ ಗುಳಿಗೆ ಒಯ್ಯಲು ಬಂದ ಡಾಕ್ಟರು ಒಂದು ದಿನ ಅದನ್ನೆತ್ತಿ, ಹೊರಳಿಸಿ ನೋಡಿ, ಇವನಿಗೆ ಮೊಣಕಾಲು ನೋವು ಇರಲೇಬೇಕು, ಇಷ್ಟು ಭಾರಕ್ಕೆ ಈ ಎಲುಬು ಸಾಲದು ಎಂದರಂತೆ. ಪರಿಚಯವಾದದ್ದು ಹಾಗೆ. ವರ್ಷ ತುಂಬುವಷ್ಟರಲ್ಲಿ ಕತೆ ನಡೆಸುವ ಕುರ್ಚಿಯನ್ನು ಮೈನುದ್ದೀನ ತಾನಾಗಿಯೇ ಅವರಿಗೆ ಬಿಟ್ಟುಕೊಟ್ಟಿದ್ದ.

ಡಾಕ್ಟರು ಸಣಕಲು ಮೈಯ, ಗಿಡ್ಡ ಮನುಷ್ಯ. ದನಿ ಏರಿಸುತ್ತಿರಲಿಲ್ಲ. ರಾಕ್ಷಸರು ಬಂದಾಗ ಮೈನುದ್ದೀನನ ಹಾಗೆ ಗಂಟಲು ಬದಲಿಸಿ ಗರ್ಜಿಸುತ್ತಲೂ ಇರಲಿಲ್ಲ. ಪ್ರಾಣಿ ಹೇಗೆ ಉಸಿರಾಡುತ್ತಿದೆ, ಯಾವ ಕಾಲಿನ ಮೇಲೆ ಭಾರ ಹಾಕಿ ನಿಂತಿದೆ, ಸಗಣಿ ಹೇಗಿದೆ ಎಂದು ಹೇಳುತ್ತಿದ್ದರು. ನಮಗೆ ಅದರಿಂದಲೇ ಹೆದರಿಕೆಯಾಗುತ್ತಿತ್ತು. ಒಮ್ಮೆ ಗವಿಯೊಳಗೆ ಡ್ರ್ಯಾಗನ್ ಸಿಕ್ಕಿತು. ಎಲ್ಲರೂ ಆಯುಧ ಹಿರಿದಾಗ ಅವರು, “ಎಡಗಡೆ ಹೊಟ್ಟಿ ಉಬ್ಬೇದ ನೋಡ್ರಿ. ಬಡದು ನೋಡ್ತೀರೇನು?” ಎಂದರು. ಆ ಭಾನುವಾರ ನಾವು ಡ್ರ್ಯಾಗನ್ನನ್ನು ಕೊಲ್ಲಲಿಲ್ಲ. ಅದರ ಹೊಟ್ಟೆಯ ಗಾಳಿ ತೆಗೆದು ಕಳಿಸಿದೆವು.

ನಾನು ಟಿಕೋಟಾದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು. ಹುಚ್ಚುನಾಯಿ ಕಚ್ಚಿದರೆ ಏನು ಮಾಡಬೇಕೆಂದು ಮಕ್ಕಳಿಗೆ ತಿಳಿಸಲು ಅವರು ಶಾಲೆಗೆ ಬಂದಿದ್ದರು. ಹೊರಡುವಾಗ, ಇಂಗ್ಲಿಷ್ ಕತೆ ಓದುವ ರೂಢಿ ಇದೆಯೇ ಎಂದು ಕೇಳಿ, ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ ಆಟದ ವಿಷಯ ಹೇಳಿದರು. ಮೂರು ಜನಕ್ಕೆ ಆಟ ಕಳೆಗಟ್ಟುವುದಿಲ್ಲ, ಇನ್ನೊಬ್ಬರು ಬೇಕು ಎಂದರು. ಮೂರನೆಯವನು ಶ್ರೀಶೈಲ, ಬಬಲೇಶ್ವರದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು. ಬಾಯಿ ದೊಡ್ಡದು, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವನಲ್ಲ.

ಈಗ ನನ್ನ ಮೈಯ ಮಾತು ಹೇಳದೆ ಗತಿಯಿಲ್ಲ. ನಾನು ಆರಡಿಗೂ ಮೇಲಿದ್ದೇನೆ. ಎತ್ತರ ಮಾತ್ರವಲ್ಲ, ಅಗಲವೂ ಇದ್ದೇನೆ. ನಮ್ಮಪ್ಪನ ಎಲುಬು, ನಮ್ಮಪ್ಪನ ಅಂಗೈ. ನಮ್ಮೂರು ಬಿಜ್ಜರಗಿಯ ಶಾಲೆಯಲ್ಲಿ ಹುಡುಗರು ನನ್ನನ್ನು ಗುಮ್ಮಟ ಎಂದು ಕರೆಯುತ್ತಿದ್ದರು. ಕಾಲೇಜಿನಲ್ಲಿ ಕರೆಯಲಿಲ್ಲ, ಬರೀ ನೋಡಿದರು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಜನ ಒಂದು ಕ್ಷಣ ಅನುಮಾನಿಸುತ್ತಾರೆ. ನಾನು ಬಾಗಿಲಲ್ಲಿ ಬಗ್ಗುತ್ತೇನೆ, ಬಗ್ಗುವ ಅಗತ್ಯವಿಲ್ಲದ ಬಾಗಿಲಲ್ಲೂ. ಯಾರಾದರೂ ಬೈದದ್ದು ಅವಮಾನವಾಗಿ ಉಳಿದಿಲ್ಲ. ದಿನವೆಲ್ಲ ನನ್ನ ಮೈಯನ್ನು ನಾನೇ ಯಾರದೋ ಸಾಮಾನಿನಂತೆ ಕ್ಷಮೆ ಕೇಳುತ್ತ ಹೊತ್ತು ತಿರುಗುತ್ತೇನಲ್ಲ, ಅದೇ ನಾಚಿಕೆ.

ಹೀಗಾಗಿ ಆಟದಲ್ಲಿ ನಾನು ಆರಿಸಿಕೊಂಡದ್ದು ಎಲ್ಲಕ್ಕಿಂತ ಸಣ್ಣ ಪಾತ್ರ. ಮೊಣಕಾಲೆತ್ತರದ ಒಬ್ಬ ಕಳ್ಳಿ. ಗಡಿಗೆಯಲ್ಲಿ ಕೂರುತ್ತಿದ್ದಳು, ಕಿಂಡಿಯಲ್ಲಿ ನುಸುಳುತ್ತಿದ್ದಳು. ಎಷ್ಟು ಸುಖವಾಗಿತ್ತೆಂದರೆ, ಸೋಮವಾರದಿಂದಲೇ ಭಾನುವಾರಕ್ಕೆ ಕಾಯುತ್ತಿದ್ದೆ. ಯಾಕೆ ಸಣ್ಣದನ್ನೇ ತೆಗೆದುಕೊಂಡಿರಿ ಎಂದು ಡಾಕ್ಟರು ಕೇಳಲಿಲ್ಲ.

ಆ ಕಳ್ಳಿ ಒಂದು ದಿನ ಕೋಟೆಯ ಗೋಡೆಯಿಂದ ಬಿದ್ದು ಸತ್ತಳು. ಹೊಸ ಪಾತ್ರ ಬೇಕಾಯಿತು. ಶ್ರೀಶೈಲ ಚಹಾ ಕುಡಿಯುತ್ತ, “ಈ ಸಲ ಅಕ್ಕೋರು ದೈತ್ಯ ಆಗ್ಲಿರಿ, ಹೆಂಗೂ ಅರ್ಧಾ ತಯಾರ ಅದಾರ,” ಎಂದ. ಎಲ್ಲರಿಗಿಂತ ಮೊದಲು ನಕ್ಕವಳು ನಾನು. ಒಲ್ಲೆ ಎಂದರೆ ಮಾತು ತಾಗಿದೆ ಎಂದು ಗೊತ್ತಾಗುತ್ತದೆ. ಅದಕ್ಕೇ ಆಗಲಿ ಎಂದುಬಿಟ್ಟೆ.

ಮೊದಲ ದಿನವೇ ನನ್ನ ದೈತ್ಯೆ ಕೋಟೆಯ ಕದವನ್ನು ಕೀಲುಸಮೇತ ಕಿತ್ತಳು. ಹಳ್ಳಕ್ಕೆ ಅಡ್ಡ ನಿಂತು ಉಳಿದವರನ್ನು ತೋಳ ಮೇಲೆ ದಾಟಿಸಿದಳು. ನಾನು ಹುರುಪಿನಿಂದ ಮಾತಾಡುತ್ತಿದ್ದೆ. ಆಡುತ್ತ ಆಡುತ್ತ ಕುರ್ಚಿಯ ಬೆನ್ನಿಗೆ ಒರಗಿ ಕೂತಿದ್ದೆನಂತೆ. ಮೈನುದ್ದೀನ ಆಮೇಲೆ ಹೇಳಿದ. ಆದರೆ ನಾಲ್ಕು ವಾರ ಕಳೆಯುವುದರೊಳಗೆ ಆಟ ಕೆಟ್ಟಿತು. ಮೈನುದ್ದೀನನ ಮಾಟಗಾರ ಮಂತ್ರ ನೆನಪಿಸಿಕೊಳ್ಳುವುದರೊಳಗೆ, ಶ್ರೀಶೈಲನ ಬಿಲ್ಲುಗಾರ ಬಾಣ ಹೂಡುವುದರೊಳಗೆ ನನ್ನ ಒಂದೇ ಏಟಿಗೆ ವೈರಿ ಮಲಗಿರುತ್ತಿದ್ದ.

“ನಾವು ಇಲ್ಲಿ ಚಾ ಕುಡ್ಯಾಕ ಬಂದೀವೇನ್ರಿ ಡಾಕ್ಟರ?” ಎಂದ ಶ್ರೀಶೈಲ. “ಎಲ್ಲಾ ಅಕ್ಕೋರ ಮುಗಸಾಕತ್ತಾರ.”

ಅವನ ಮಾತು ಖರೆ ಇತ್ತು. ದೊಡ್ಡ ಮೈಯ ಪಾತ್ರ ಬಂದರೆ ಎಲ್ಲ ಕಡೆಯೂ ಈ ತಂಟೆ ಇದ್ದದ್ದೇ, ತೂಕ ಸರಿದೂಗಿಸಬೇಕು ಎಂದು ಮೈನುದ್ದೀನನೂ ಹೇಳಿದ. ಡಾಕ್ಟರು ಒಂದು ವಾರ ಕೊಡಿ ಎಂದರು.

ಮುಂದಿನ ಭಾನುವಾರ ಅವರು ಹೊಸ ಬಟ್ಟೆ ತೊಟ್ಟ ಮಗುವಿನ ಹಾಗೆ ಬಂದರು. ಔಷಧದ ರಟ್ಟಿನ ಪೆಟ್ಟಿಗೆಯ ಒಂದು ಮಗ್ಗುಲನ್ನು ಹರಿದು ಅದರ ಮೇಲೆ ನಿಯಮಗಳನ್ನು ಬರೆದಿದ್ದರು. ದೈತ್ಯೆಯ ಏಟಿನ ಬಲ ಕಡಿಮೆ ಮಾಡಿರಲಿಲ್ಲ. ಬಲ ಕಡಿದರೆ ದೈತ್ಯೆ ಹೇಗಾದಾಳು, ಬಲಕ್ಕೆ ಬೆಲೆ ಕಟ್ಟಬೇಕು ಎಂಬುದು ಅವರ ವಾದ. “ಇಷ್ಟ ದೊಡ್ಡ ಮೈಯಾಗಿನ ಶಾಖ ಲಗೂನ ಹೊರಗ ಹೋಗೂದಿಲ್ಲ,” ಎಂದು ಶುರುಮಾಡಿದರು. “ನಿಮಗೆಲ್ಲಾ ಒಂದು ಕೊಡ ನೀರು ಸಾಕಾದ್ರ ಈಕಿಗಿ ನಾಕು. ನೀರು ಸಿಗಲಿಲ್ಲಂದ್ರ ಮಧ್ಯಾಹ್ನಕ್ಕ ಅರ್ಧಾ ಶಕ್ತಿ.” ಕಲ್ಲುನೆಲದಲ್ಲಿ ನಡೆದರೆ ಅಂಗಾಲು ಒಡೆಯಬೇಕು. ಒಂದೇ ಮಗ್ಗುಲಿಗೆ ಬಹಳ ಹೊತ್ತು ಮಲಗಿದರೆ ತನ್ನ ಭಾರಕ್ಕೆ ತನ್ನದೇ ತೊಡೆ ಜೋಮು ಹಿಡಿದು ಏಳಲಾಗಬಾರದು. ಬಿದ್ದ ಆಕಳನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸದಿದ್ದರೆ ಹಾಗೇ ಆಗುತ್ತದೆ ಎಂದು ವಿವರಿಸಿದರು. ನಮಗೆಲ್ಲ ಬಹಳ ಸೇರಿತು. ಯಾವ ಪುಸ್ತಕದಲ್ಲೂ ಇಂಥ ನಿಯಮ ಇಲ್ಲವೆಂದು ಮೈನುದ್ದೀನ ಮೇಜು ಕುಟ್ಟಿದ.

ಆ ಉಮೇದಿನಲ್ಲಿ ಎಲ್ಲರೂ ಒಂದೊಂದು ಸೇರಿಸತೊಡಗಿದರು. ದೈತ್ಯೆಗೆ ಬಟ್ಟೆ ಎರಡು ಪಟ್ಟು ಬೇಕು. ಛತ್ರದಲ್ಲಿ ಮಂಚ ಮುರಿಯಬೇಕು. ಗಾಡಿಯವನು ಇಬ್ಬರ ಬಾಡಿಗೆ ಕೇಳಬೇಕು. ಊರೊಳಗೆ ಕಾಲಿಟ್ಟರೆ ಹುಡುಗರು ಬೆನ್ನು ಹತ್ತಬೇಕು. ಡಾಕ್ಟರು ಬರೆದುಕೊಳ್ಳುತ್ತಿದ್ದರು. ಅವಳಿಗೆ ಗಂಡು ಸಿಗಬಾರದು ಎಂದ ಶ್ರೀಶೈಲ. ಅಂದಮೇಲೆ ಅವನಿಗೇ ಏನೋ ಹೊಳೆದಂತಾಗಿ ಬಾಯಿ ಮುಚ್ಚಿದ.

ಆ ಮೌನ ನನಗೆ ತಡೆಯಲಾಗಲಿಲ್ಲ. “ವರನ ಕಡೀಗಿ ಕಳಸೂ ಫೋಟೋದಾಗ ಆಕಿ ಯಾವಾಗ್ಲೂ ಕುಂತಿರಬೇಕು,” ಎಂದೆ. “ನಿಂತ ಫೋಟೋ ಕಳಸಿದ್ರ ತಿರುಗಿ ಉತ್ತರಾನೇ ಬರೂದಿಲ್ಲ.”

ಇಬ್ಬರೂ ನಕ್ಕರು. ನಾನು ಇನ್ನೂ ಜೋರಾಗಿ ನಕ್ಕೆ. ಡಾಕ್ಟರ ಪೆನ್ನು ಅರ್ಧ ಶಬ್ದದಲ್ಲಿ ನಿಂತಿತ್ತು. ಅವರು ನನ್ನನ್ನು ನೋಡಿದರು, ರಟ್ಟನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಅವರ ಕಿವಿಗಳು ಕೆಂಪಾಗಿದ್ದವು. ಪೆನ್ನಿನ ಟೊಪ್ಪಿಗೆ ಹಾಕಿ, ಇವತ್ತಿಗೆ ಸಾಕು ಎಂದು ಎದ್ದುಬಿಟ್ಟರು.

ಮೆಟ್ಟಿಲು ಇಳಿಯುವಾಗ ನನಗೆ ಅವರಾರ ಮೇಲೂ ಸಿಟ್ಟಿರಲಿಲ್ಲ. ಆ ಫೋಟೋ ತೆಗೆಸಲು ನನ್ನ ಅವ್ವ ಎಷ್ಟು ಸಲ ನನ್ನನ್ನು ಸ್ಟುಡಿಯೋಕ್ಕೆ ಕರೆದೊಯ್ದಿದ್ದಳು, ಎಷ್ಟು ಸಲ ನನ್ನ ಸೆರಗು ಸರಿಮಾಡಿ, ಸ್ಟೂಲಿನ ಮೇಲೆ ಕೂಡಿಸಿ, “ಹಿಂಗ ಛಂದ ಕಾಣ್ತಿ” ಎಂದಿದ್ದಳು. ಅದನ್ನು ನಾನು ಒಂದು ನಗೆಗೆ ಕೊಟ್ಟುಬಿಟ್ಟಿದ್ದೆ. ಅದಕ್ಕೆ ಮುಖ ಸುಟ್ಟಂತಾಗಿತ್ತು. ಅವ್ವನಿಗೆ ಆರಾಮಿಲ್ಲ ಎಂದು ಮೈನುದ್ದೀನನಿಗೆ ಫೋನಿನಲ್ಲಿ ಹೇಳಿ, ಭಾನುವಾರ ಹೋಗುವುದನ್ನು ಬಿಟ್ಟೆ.

ಒಂದು ರಜೆಯ ದಿನ ಬಿಜ್ಜರಗಿಯಲ್ಲಿ ಅಣ್ಣನ ಮನೆಯಲ್ಲಿದ್ದೆ. ಕಾಲುಬಾಯಿ ಬೇನೆಯ ಲಸಿಕೆ ಹಾಕುತ್ತ ಡಾಕ್ಟರು ನಮ್ಮ ಓಣಿಗೂ ಬಂದರು. ಅಣ್ಣ ದ್ರಾಕ್ಷಿ ತೋಟಕ್ಕೆ ಹೋಗಿದ್ದ. ನಮ್ಮ ಎಮ್ಮೆ ಸೂಜಿ ಕಂಡರೆ ಕುಣಿಯುವಂಥದು. ನಾನು ಸೆರಗು ಸಿಕ್ಕಿಸಿ, ಅದರ ಕೋಡು ಹಿಡಿದು, ಕುತ್ತಿಗೆಯನ್ನು ಕಂಕುಳಲ್ಲಿ ಅದುಮಿ ನಿಂತೆ. ಅದು ಅಲುಗಲಿಲ್ಲ. ಚಿಕ್ಕಂದಿನಿಂದ ಮಾಡಿದ ಕೆಲಸ, ಪೇಟೆಯ ಯಾರಿಗೂ ನಾನು ಹೇಳದ ಕೆಲಸ. ಡಾಕ್ಟರು ಸೂಜಿ ಚುಚ್ಚಿ ತೆಗೆದರು.

ಕೈ ತೊಳೆಯಲು ತಂಬಿಗೆಯಿಂದ ನೀರು ಹಾಕಿದೆ. ತಲೆಯೆತ್ತದೆ, ಕೈ ತಿಕ್ಕುತ್ತಲೇ ಮಾತಾಡಿದರು.

“ದನದ ಮ್ಯಾಲಿಂದ ಬರದೀನಿ ಅಂದಿದ್ನೆಲ್ರಿ ಅಕ್ಕೋರ, ಸುಳ್ಳ ಅದು. ನೀವು ಮಾಳಿಗಿ ಏರಿ ಬಂದ ಕೂಡ್ಲೆ ಬೆವರು ಒರಸ್ಕೋತೀರಿ. ನೀರಡಿಸಿದ್ರೂ ಎರಡನೇ ಗ್ಲಾಸ್ ಕೇಳೂದಿಲ್ಲ. ಕುರ್ಚಿ ತುದೀಗಿ ಕೂಡ್ತೀರಿ. ಅದನ್ನ ನೋಡಿ ನೋಡಿ ಬರದೆ. ಅವತ್ತ ನೀವು ಫೋಟೋದ ಮಾತು ಹೇಳೂ ತನಕಾ ನನಗ ಗೊತ್ತಿದ್ದಿಲ್ಲ, ನಾ ಯಾರನ್ನ ಬರ್ಯಾಕತ್ತೀನಿ ಅಂತ.”

ನನ್ನ ಕೈಯಲ್ಲಿನ ತಂಬಿಗೆ ನಿಂತಿತು. ಯಾರೂ ನೋಡಬಾರದೆಂದು ನಾನು ಮಾಡುತ್ತಿದ್ದ ಒಂದೊಂದನ್ನೂ ಒಬ್ಬರು ವರ್ಷವೆಲ್ಲ ಎದುರಿಗೆ ಕೂತು ನೋಡಿದ್ದರು.

“ಎಮ್ಮಿ ನೋಡಿದಂಗ ನೋಡಿದ್ರಿ ಅನ್ರಿ,” ಎಂದೆ.

“ಹೂಂರಿ. ನನಗ ನೋಡಾಕ ಬರೂದ ಹಂಗ.” ಅವರ ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. “ದೈತ್ಯ ಆದವರು ಏನ್ ಬೆಲಿ ಕೊಡಬೇಕು ಅನ್ನೂದನ್ನ ನಮ್ಮಂಥವ್ರು ಕುಂತು ಬರೀಬಾರದಿತ್ತು. ನೀವು ಬರೀರಿ.”

ಇನ್ನು ಆಟಕ್ಕೆ ಬರುವುದಿಲ್ಲ ಎಂದೆ. ಸರಿ ಎಂದು ಚೀಲವೆತ್ತಿಕೊಂಡು ಪಕ್ಕದ ಮನೆಗೆ ಹೋದರು. ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ನಾನು ಪರವಾಗಿಲ್ಲ ಎನ್ನಬೇಕಾಗುತ್ತಿತ್ತು. ಮಾತು ಅಲ್ಲಿಗೆ ಮುಗಿದುಹೋಗುತ್ತಿತ್ತು.

ಬರೆಯುವುದಿಲ್ಲ ಎಂದುಕೊಂಡರೂ ತಲೆಯಲ್ಲಿ ಅದೇ ತಿರುಗುತ್ತಿತ್ತು. ಉತ್ತರಪತ್ರಿಕೆ ತಿದ್ದುವಾಗ, ಟಿಕೋಟಾದ ಬಸ್ಸಿಗೆ ನಿಂತಾಗ, ದೈತ್ಯೆಯಾದದ್ದಕ್ಕೆ ನಿಜವಾಗಿ ತೆರಬೇಕಾದದ್ದು ಏನು ಎಂದು ಯೋಚಿಸುತ್ತಿದ್ದೆ. ಮಂಚ, ಬಟ್ಟೆ, ಬಾಡಿಗೆ ಯಾವುದೂ ಅಲ್ಲ. ಅವಳಿಗೆ ಅಡಗಿಕೊಳ್ಳಲು ಆಗುವುದಿಲ್ಲ, ಅಷ್ಟೇ. ಬಸ್ ನಿಲ್ದಾಣದಲ್ಲಿ ಅಷ್ಟು ಜನರ ನಡುವೆ ಎಲ್ಲರ ಕಣ್ಣು ಮೊದಲು ನನ್ನ ಮೇಲೆ ಬೀಳುವುದನ್ನು ನೋಡುತ್ತ ನಿಂತಿದ್ದಾಗ ಇನ್ನೊಂದು ಸಂಗತಿ ಹೊಳೆಯಿತು: ಅವರು ನನ್ನನ್ನು ನೋಡುತ್ತಿರುವಾಗ ಪಕ್ಕದವರನ್ನು ಯಾರೂ ನೋಡುತ್ತಿರಲಿಲ್ಲ.

ಮುಂದಿನ ಭಾನುವಾರ ಹೋದೆ. ಡಾಕ್ಟರ ರಟ್ಟಿನ ಮೇಲಿದ್ದುದನ್ನೆಲ್ಲ ಹೊಡೆದುಹಾಕಿ, ನೀರಿನ ನಿಯಮವೊಂದನ್ನು ಉಳಿಸಿದೆ, ಬಾಯಾರಿಕೆ ಸುಳ್ಳಲ್ಲ. ಕೆಳಗೆ ನನ್ನದನ್ನು ಬರೆದೆ. ದೈತ್ಯೆ ಎಲ್ಲಿ ನಿಂತರೂ ವೈರಿಗಳ ಕಣ್ಣು, ಬಾಣ ಮೊದಲು ಅವಳ ಕಡೆಗೇ. ಅವಳು ಅಡಗಲಾರಳು. ಆದರೆ ಅವಳು ನಿಂತಿರುವಷ್ಟು ಹೊತ್ತು ಅವಳ ಜೊತೆಯವರನ್ನು ಯಾರೂ ಕಾಣಲಾರರು. ಮೈನುದ್ದೀನ ಓದಿ ತಲೆದೂಗಿದ. ಶ್ರೀಶೈಲ ನನ್ನ ಮುಖ ನೋಡದೆ ಎರಡು ಸಲ ಓದಿದ. ಆಟ ಶುರುವಾಗುವ ಮೊದಲು ಅವನು ನೀರಿನ ತಂಬಿಗೆಯನ್ನು ಸುಮ್ಮನೆ ನನ್ನ ಕಡೆಗೆ ಸರಿಸಿಟ್ಟ. ಅದಕ್ಕೂ ನನಗೆ ನಾಚಿಕೆಯಾಯಿತು. ಆದರೂ ಕುಡಿದೆ.

ಆ ದಿನದ ಕತೆಯಲ್ಲಿ ಒಂದು ಕೋಟೆಯೊಳಗೆ ಸೆರೆಯಾಳುಗಳಿದ್ದರು. ಅಗಸೆ ಬಾಗಿಲ ಮೇಲೆಲ್ಲ ಬಿಲ್ಲುಗಾರರು. ನನ್ನ ಸರದಿ ಬಂದಾಗ, ಅಗಸೆಯ ಮುಂದೆ ಹೋಗಿ ನಿಲ್ಲುತ್ತೇನೆ ಎಂದೆ.

“ನಿಂತು ಏನ್ ಮಾಡ್ತೀರಿ?” ಎಂದು ಕೇಳಿದರು ಡಾಕ್ಟರು.

“ಏನೂ ಇಲ್ಲ. ನೋಡ್ಲಿ ಅಂತ ನಿಂದರ್ತೀನಿ.”

ಅವರು ಬಹಳ ಹೊತ್ತು ದಾಳ ಕೈಯಲ್ಲೇ ಹಿಡಿದಿದ್ದರು. ಆಮೇಲೆ ಬಾಣಗಳು ಬಂದವು. ದೈತ್ಯೆ ಒಂದರ ಮೇಲೊಂದು ಏಟು ತಿನ್ನುತ್ತ ನಿಂತಳು. ಅಷ್ಟರಲ್ಲಿ ಮಾಟಗಾರನೂ ಬಿಲ್ಲುಗಾರನೂ ಹಿಂದಿನ ಮೋರಿಯಿಂದ ನುಸುಳಿ ಸೆರೆಯಾಳುಗಳನ್ನು ಬಿಡಿಸಿಕೊಂಡರು. ಶ್ರೀಶೈಲ ಕುರ್ಚಿಯಿಂದೆದ್ದು ನಿಂತು ಆಡುತ್ತಿದ್ದ, ಅಂಗಿ ಬೆವರಿನಲ್ಲಿ ತೊಯ್ದಿತ್ತು. ಆ ಮೇಲೆ ದೈತ್ಯೆಯ ದೆಸೆಯಿಂದ ಯಾರೂ ಖಾಲಿ ಕೂರಬೇಕಾಗಲಿಲ್ಲ.

ಇದರಿಂದ ನನ್ನ ನಾಚಿಕೆ ಹೋಯಿತು ಎಂದರೆ ಸುಳ್ಳಾಗುತ್ತದೆ. ಮಾಳಿಗೆಯಿಂದ ಇಳಿದರೆ ಅದು ಕೆಳಗೆ ಕಾದು ನಿಂತಿರುತ್ತಿತ್ತು. ಡಾಕ್ಟರ ನಾಚಿಕೆಯೂ ಹೋಗಲಿಲ್ಲ. ಒಮ್ಮೆ ಆಟ ನಡೆದಿದ್ದಾಗ ಕೆಳಗಿನ ಅಂಗಡಿಯಲ್ಲಿ ಅವರ ಅಳಿಯನ ದನಿ ಕೇಳಿಸಿತು, ಯಾವುದೋ ಔಷಧಕ್ಕೆ ಬಂದಿದ್ದ. ಡಾಕ್ಟರು ದಾಳಗಳನ್ನು ಮುಷ್ಟಿಯಲ್ಲಿ ಬಾಚಿಕೊಂಡು, ರಟ್ಟಿನ ಪೆಟ್ಟಿಗೆಗಳ ಸಂದಿಯಲ್ಲಿ ಮೊಣಕಾಲೂರಿ ಕುಳಿತುಬಿಟ್ಟರು. ಅಳಿಯ ಹೋದಮೇಲೆ ಎದ್ದು ಬಂದರು, ಪ್ಯಾಂಟಿಗೆ ಧೂಳು. ನಮ್ಮ ಮುಖ ನೋಡಲಿಲ್ಲ. ಯಾರೂ ನಗಲಿಲ್ಲ. ಅಡಗಿ ಕೂರುವುದು ಹೇಗಿರುತ್ತದೆಂದು ಅಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ಒಂದು ಮಾತು ಹೇಳಬಹುದಿತ್ತು. ಅವರು ನನ್ನ ಅಂಗಳಕ್ಕೆ ಬಂದು ಹೇಳಿದ್ದರಲ್ಲ. ಅದನ್ನು ಬಿಟ್ಟು, ನನ್ನ ಸರದಿಯೋ ಎಂದು ಕೇಳಿದೆ.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ರಜೆ ಹಾಕಿ ಬಬಲೇಶ್ವರದ ತಮ್ಮ ಹಿರಿಯರ ಮನೆಗೆ ಹೋಗಿದ್ದರು. ಬೆಳಿಗ್ಗೆ ಎದೆನೋವು ಎಂದವರು ದವಾಖಾನೆ ಮುಟ್ಟಲಿಲ್ಲ. ಶ್ರೀಶೈಲ ಫೋನ್ ಮಾಡಿದ. ಮೈನುದ್ದೀನ ಅಂಗಡಿ ಮುಚ್ಚಿದ. ನಾನೂ ಅವನೂ ಅವನ ಗಾಡಿಯಲ್ಲಿ ಹೋದೆವು.

ಮನೆಯ ಮುಂದಿನ ಕಟ್ಟೆಯ ಮೇಲೆ, ಅವರ ಮನೆತನದ ಪದ್ಧತಿಯಂತೆ, ಡಾಕ್ಟರನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಭಜನೆ ನಡೆದಿತ್ತು. ಸುತ್ತಲಿನ ಊರುಗಳ ಜನ, ದನ ಸಾಕಿದವರೇ ಹೆಚ್ಚು, ಓಣಿ ತುಂಬಿದ್ದರು. ಮೈನುದ್ದೀನನೂ ಅಲ್ಲೇ ಇದ್ದ ಶ್ರೀಶೈಲನೂ ಗಂಡಸರ ಕಡೆ ಹೋದರು. ನಾನು ಹೆಂಗಸರ ಗುಂಪಿನ ಹಿಂದೆ ನಿಂತೆ. ಮನೆಯವರ ಕಡೆಯ ಹೆಂಗಸೊಬ್ಬರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಯಾವ ಊರವರು, ಏನಾಗಬೇಕು ಎಂದು ಕೇಳಿದರು. ಬಿಜ್ಜರಗಿಯವಳು, ನಮ್ಮ ಎಮ್ಮೆಗೆ ಸೂಜಿ ಮಾಡುತ್ತಿದ್ದರು ಎಂದೆ. ಅದಕ್ಕಿಂತ ಹೆಚ್ಚಿಗೆ ಹೇಳುವ ಅಧಿಕಾರ ನನಗಿರಲಿಲ್ಲ.

ಎಲ್ಲರೂ ತುದಿಗಾಲಲ್ಲಿ ನಿಂತು, ಒಬ್ಬರ ಭುಜ ಒಬ್ಬರು ಹಿಡಿದು ಇಣುಕುತ್ತಿದ್ದರು. ನನಗೆ ನಿಂತಲ್ಲಿಂದಲೇ ಪೂರಾ ಕಾಣುತ್ತಿತ್ತು. ತಡವಾಗಿ ಬಂದು, ಯಾರನ್ನೂ ನೂಕದೆ, ಅಷ್ಟು ಸಲೀಸಾಗಿ ಅವರನ್ನು ನೋಡುತ್ತಿರುವುದೇ ತಪ್ಪು ಮಾಡಿದಂತೆನಿಸಿ ಕಣ್ಣು ಕೆಳಗೆ ಹಾಕಿದೆ. ಆಗ ನನ್ನ ಮೊಣಕೈ ಹತ್ತಿರ ಯಾರೋ ಸೆರಗು ಜಗ್ಗಿದರು. ಒಬ್ಬ ಮುದುಕಿ, ನನ್ನ ಎದೆಮಟ್ಟಕ್ಕೂ ಬಾರದವಳು.

“ತಂಗೀ, ನಿನಗ ಡಾಕ್ಟರ ಮಾರಿ ಕಾಣ್ತದೇನು?” ಎಂದಳು. “ನನಗ ಏನೂ ಕಾಣವಲ್ದು. ನಮ್ಮ ಎಮ್ಮಿ ಹೊಟ್ಟ್ಯಾಗಿನ ಕರಾ ತಗದು ಕೊಟ್ಟಿದ್ದ ಪುಣ್ಯಾತ್ಮ.”

“ಕಾಣ್ತದಬೇ,” ಎಂದೆ.

“ಹ್ಯಾಂಗ ಅದಾನ?”

“ವಿಭೂತಿ ಹಚ್ಯಾರ. ಚಷ್ಮಾ ತಗದಾರ. ಕೊರಳಾಗ ಸೇವಂತಿಗಿ ಮಾಲಿ ಹಾಕ್ಯಾರ.”

“ತ್ರಾಸಾದಂಗ ಕಾಣ್ತದೇನು?”

ನೋಡಿದೆ. ಈ ಸಲ ಕಣ್ಣು ತೆಗೆಯದೆ ನೋಡಿದೆ. “ಇಲ್ಲಬೇ. ಏನೋ ವಿಚಾರ ಮಾಡಾಕತ್ತಂಗ ಅದಾರ.”

ಮುದುಕಿ ಅದನ್ನು ಪಕ್ಕದವಳಿಗೆ ಹೇಳಿದಳು. ಅವಳು, ಮಗಳು ಬಂದಿದ್ದಾಳೆಯೇ ಎಂದು ನನ್ನನ್ನು ಕೇಳಿದಳು. ಬಂದಿದ್ದಾಳೆ, ಕಾಲ ಹತ್ತಿರ ಕೂತಿದ್ದಾಳೆ ಎಂದೆ. ಇನ್ನೂ ಹಿಂದಿನಿಂದ ಯಾರೋ ಪೂಜೆ ಮುಗಿಯಿತೇ ಎಂದರು. ನನ್ನ ದನಿ ದೊಡ್ಡದಾಗಿ ಹೊರಡುತ್ತಿತ್ತು, ಕಣ್ಣೀರು ಗದ್ದದವರೆಗೆ ಇಳಿದಿತ್ತು, ಅಷ್ಟೂ ಹೆಂಗಸರು ತಿರುಗಿ ನನ್ನನ್ನೇ ನೋಡುತ್ತಿದ್ದರು. ಡಾಕ್ಟರನ್ನು ಎತ್ತುವವರೆಗೂ ಹಿಂದಿನವರು ಕೇಳುತ್ತಲೇ ಇದ್ದರು. ನಾನು ಕಂಡದ್ದನ್ನು ಹೇಳುತ್ತಲೇ ನಿಂತಿದ್ದೆ.